ಗುಡ್ಡೆಯ ಕೇಪುಳ, ಅಂಗಳದ ಕೇಪುಳ

ಕರಾವಳಿಯ ಹೂದೋಟಕ್ಕೆ ವರ್ಷದಲ್ಲಿ ಎರಡು ಪರೀಕ್ಷೆಗಳಿವೆ. ಮೊದಲನೆಯದು ಮಳೆಯದು, ಎರಡನೆಯದು ಬಿಸಿಲಿನದು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಡಿಸೆಂಬರ್ ಕಳೆದರೆ ಮುಂದಿನ ನಾಲ್ಕೈದು ತಿಂಗಳು ಮೋಡವನ್ನು ನೋಡುವುದೂ ಅಪರೂಪ. ಮಳೆಗಾಲದಲ್ಲಿ ಬೇರು ಕೊಳೆತು ಸಾಯದ ಗಿಡ ಬೇಸಗೆಯಲ್ಲಿ ಒಣಗಿ ಸಾಯುತ್ತದೆ. ಬೇಸಗೆಯನ್ನು ತಾಳಿಕೊಳ್ಳುವ ಒಣನಾಡಿನ ಗಿಡಕ್ಕೆ ನಮ್ಮ ಮಳೆ ತಾಳುವುದಿಲ್ಲ. ಎರಡನ್ನೂ ಗೆದ್ದು, ವರ್ಷವಿಡೀ ಹಸುರಾಗಿ ನಿಂತು, ನೀರಿಲ್ಲದ ದಿನಗಳಲ್ಲಿಯೇ ಕೆಂಪಾಗಿ ಹೂಬಿಡುವ ಗಿಡವೊಂದು ಈ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದಿದೆ. ಅದು ಕೇಪುಳ.

ಕೇಪುಳವನ್ನು ಅಂಗಳದಲ್ಲಿ ಬೆಳೆಸುವ ಬಗೆಯನ್ನು ವಿವರಿಸುವುದು ಈ ಬರಹದ ಉದ್ದೇಶ. ಕನ್ನಡ ವಿಭಾಗದ ಪತ್ರಿಕೆಯಲ್ಲಿ ತೋಟಗಾರಿಕೆಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಈ ಗಿಡವನ್ನು ಬೆಳೆಸುವ ವಿದ್ಯೆಯ ಅರ್ಧ ಭಾಗ ಅದರ ಹೆಸರಿನಲ್ಲಿಯೇ ಅಡಗಿದೆ ಎಂಬುದು ಅದಕ್ಕೆ ಉತ್ತರ. ಇನ್ನುಳಿದ ಅರ್ಧವೂ ಆ ಹೆಸರನ್ನು ಸರಿಯಾಗಿ ಓದಿಕೊಂಡವರಿಗೆ ತಾನಾಗಿ ತಿಳಿಯುತ್ತದೆ.

ಹೆಸರುಗಳ ಹಾದಿ

ತುಳುವರಿಗೆ ಇದು ಕೇಪುಳ. ಹವ್ಯಕರ ಮನೆಮಾತಿನಲ್ಲಿ ಕೇಪಳ. ಗುಡ್ಡೆಯಲ್ಲಿ ತಾನಾಗಿ ಬೆಳೆಯುವುದರಿಂದ ಗುಡ್ಡೆ ಕೇಪುಳವೆಂದೂ ಕರೆಯುತ್ತಾರೆ. ಕುಸುಮಾಲೆ, ಗುಡ್ಡೆದಾಸವಾಳ ಎಂಬ ಹೆಸರುಗಳೂ ಕನ್ನಡದಲ್ಲಿವೆ. ನೆರೆಯ ಮಲಯಾಳದಲ್ಲಿ ಇದನ್ನು ಚೆತ್ತಿ, ತೆಚ್ಚಿ, ಚೆಕ್ಕಿ ಎನ್ನುತ್ತಾರೆ. ಚೆತ್ತಿ ಮತ್ತು ತೆಚ್ಚಿ ಎಂಬ ಎರಡು ರೂಪಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಚಕಾರ ತಕಾರಗಳು ಪರಸ್ಪರ ಸ್ಥಾನ ಬದಲಿಸಿಕೊಂಡಿರುವುದು ಕಾಣುತ್ತದೆ. ಭಾಷಾವಿಜ್ಞಾನದ ತರಗತಿಯಲ್ಲಿ ಓದುವ ವರ್ಣಪಲ್ಲಟಕ್ಕೆ ನಮ್ಮ ಬೇಲಿಯಂಚಿನಲ್ಲಿಯೇ ಉದಾಹರಣೆ ಹೂಬಿಟ್ಟು ನಿಂತಿದೆ.

ತಮಿಳಿನ ವೆಟ್ಚಿಯೂ ಇದೇ ಹೂವು. ತೊಲ್ಕಾಪ್ಪಿಯಂ ಗ್ರಂಥದ ಪುಱತ್ತಿಣೈ ವಿಭಾಗದಲ್ಲಿ ವೆಟ್ಚಿ ಎಂಬುದು ಒಂದು ತಿಣೆಯ ಹೆಸರು. ಶತ್ರುಗಳ ದನಗಳನ್ನು ಹಿಡಿದು ತರುವ ಕಾಳಗ ಅದರ ವಸ್ತು. ಹಾಗೆ ಹೊರಟ ವೀರರು ಮುಡಿಯುತ್ತಿದ್ದ ಹೂವೂ ವೆಟ್ಚಿಯೇ. ಕನ್ನಡದ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ತುರುಗೊಳ್ ಎಂಬ ಮಾತು ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಎರಡು ಭಾಷೆಗಳು ಒಂದೇ ಬಗೆಯ ಸಾಹಸವನ್ನು ನೆನಪಿನಲ್ಲಿ ಉಳಿಸಿಕೊಂಡಿವೆ, ಒಂದು ಹೂವಿನ ಹೆಸರಿನಲ್ಲಿ, ಇನ್ನೊಂದು ಕಲ್ಲಿನ ಮೇಲಿನ ಬರಹದಲ್ಲಿ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಇಕ್ಸೋರಾ ಕಾಕ್ಸಿನಿಯಾ. ಲಿನೇಯಸ್ 1753ರಲ್ಲಿ ಈ ಹೆಸರನ್ನು ಸ್ಥಿರಗೊಳಿಸಿದನು. ಇಕ್ಸೋರಾ ಎಂಬುದು ಈಶ್ವರ ಎಂಬ ನಮ್ಮ ಪದ ಪೋರ್ಚುಗೀಸರ ನಾಲಗೆಯಲ್ಲಿ ಪಡೆದ ರೂಪ. ಕಾಕ್ಸಿನಿಯಾ ಎಂದರೆ ಕಡುಗೆಂಪು. ಅದಕ್ಕೂ ಮೊದಲೇ, 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಹೋರ್ತೂಸ್ ಮಲಬಾರಿಕೂಸ್ ಗ್ರಂಥವು ಚೆತ್ತಿ ಎಂಬ ದೇಶೀ ಹೆಸರಿನಿಂದಲೇ ಈ ಗಿಡವನ್ನು ಪರಿಚಯಿಸಿತ್ತು. ದಕ್ಷಿಣ ಭಾರತ ಮತ್ತು ಶ್ರೀಲಂಕೆ ಇದರ ತವರು.

ಗಿಡದ ಸ್ವರೂಪ

ಕೇಪುಳವು ಕಾಫಿಯ ಕುಟುಂಬಕ್ಕೆ ಸೇರಿದ ನಿತ್ಯಹಸುರಿನ ಪೊದೆ. ಬಯಲು ಗುಡ್ಡೆಯ ಬಿಸಿಲಿನಲ್ಲಿ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರದಲ್ಲಿ ನಿಲ್ಲುತ್ತದೆ. ಮಣ್ಣು ಆಳವಾಗಿದ್ದು ಆರೈಕೆಯಿದ್ದರೆ ಆಳೆತ್ತರಕ್ಕೂ ಹೋಗುತ್ತದೆ. ಬುಡದಿಂದಲೇ ಹಲವು ಕೊಂಬೆಗಳು ಒಡೆಯುತ್ತವೆ. ಎಲೆಗಳು ಎದುರುಬದುರಾಗಿ, ತೊಟ್ಟು ಇಲ್ಲವೆಂಬಷ್ಟು ಗಿಡ್ಡವಾಗಿ, ಕಾಂಡವನ್ನು ಅಪ್ಪಿಕೊಂಡಂತಿರುತ್ತವೆ. ಎಲೆ ದಪ್ಪ, ತೊಗಲಿನಂತೆ ಬಿರುಸು, ಮೇಲ್ಮೈ ಹೊಳಪು. ಈ ಬಿರುಸೇ ಗಿಡದ ಉಳಿವಿನ ಗುಟ್ಟುಗಳಲ್ಲಿ ಒಂದು. ಮೇಣದಂಥ ಹೊರಪದರವು ಎಲೆಯೊಳಗಿನ ತೇವವನ್ನು ಬಿಸಿಲಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಸುತ್ತಲ ಹುಲ್ಲೆಲ್ಲ ಒಣಗಿ ಹಳದಿಯಾದಾಗಲೂ ಕೇಪುಳ ಎಲೆಯುದುರಿಸದೆ ನಿಲ್ಲುತ್ತದೆ.

ಕೊಂಬೆಯ ತುದಿಯಲ್ಲಿ ಹೂಗಳು ಗೊಂಚಲಾಗಿ ಅರಳುತ್ತವೆ. ಒಂದೊಂದು ಹೂವಿಗೂ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಸಪೂರ ನಳಿಕೆ, ಅದರ ತುದಿಯಲ್ಲಿ ಚೂಪಾದ ನಾಲ್ಕು ಎಸಳುಗಳು. ಮಕರಂದ ಇರುವುದು ನಳಿಕೆಯ ತಳದಲ್ಲಿ. ಉದ್ದ ನಾಲಗೆಯ ಚಿಟ್ಟೆಗಳಿಗೆ ಮಾತ್ರ ಅದು ನಿಲುಕುತ್ತದೆ. ಹೂವಿನ ನಡುವಿನ ಕೇಸರವನ್ನು ಮೆಲ್ಲನೆ ಎಳೆದು ತುದಿಯ ಹನಿಯನ್ನು ಚೀಪುವ ಮಕ್ಕಳಿಗೂ ನಿಲುಕುತ್ತದೆ. ಇನ್ನೊಂದು ವಿಶೇಷವೂ ಉಂಟು. ಹೂ ಮೊಗ್ಗಾಗಿರುವಾಗಲೇ ಪರಾಗವು ಶಲಾಕೆಯ ಹೊರಮೈಗೆ ಅಂಟಿಕೊಳ್ಳುತ್ತದೆ. ಹೂ ಅರಳಿದಾಗ ಶಲಾಕೆಯೇ ಅದನ್ನು ಚಿಟ್ಟೆಯ ಮುಂದೆ ಚಾಚುತ್ತದೆ. ಆ ಪರಾಗ ಹೋದ ಮೇಲೆಯೇ ಶಲಾಕಾಗ್ರ ಬಾಯ್ದೆರೆದು ಬೇರೆ ಹೂವಿನ ಪರಾಗವನ್ನು ಸ್ವೀಕರಿಸುತ್ತದೆ.

ಗುಡ್ಡೆಯ ಮಣ್ಣು ಕಲಿಸುವ ಪಾಠ

ಗುಡ್ಡೆ ಕೇಪುಳ ಎಂಬ ಹೆಸರಿನ ಮೊದಲ ಪದ ಸುಮ್ಮನೆ ಬಂದುದಲ್ಲ. ನಮ್ಮ ಗುಡ್ಡೆಗಳು ಮುರಕಲ್ಲಿನ ಗುಡ್ಡೆಗಳು. ಕೆಳದಿಯ ನಾಯಕರ ಕಾಲದ ಬೇಕಲ ಕೋಟೆ ಕಟ್ಟಿರುವುದು ಇದೇ ಕೆಂಪುಕಲ್ಲಿನಿಂದ; ನಮ್ಮ ಮನೆಗಳ ಗೋಡೆಗಳೂ ಇದರಿಂದಲೇ ಎದ್ದಿವೆ. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಸಹಸ್ರಾರು ವರ್ಷಗಳ ಮಳೆಗೆ ಬಂಡೆಯೊಳಗಿನ ಸುಣ್ಣದ ಅಂಶ, ಕರಗುವ ಲವಣಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮುಗಳ ಆಕ್ಸೈಡುಗಳು ಉಳಿದು ಮುರಕಲ್ಲಾಗಿದೆ. ಕೆಂಪು ಬಣ್ಣ ಕಬ್ಬಿಣದ್ದು.

ಇದರಿಂದ ಮೂರು ಸಂಗತಿಗಳು ತಿಳಿಯುತ್ತವೆ. ಒಂದು, ಈ ಮಣ್ಣು ಹುಳಿ ಮಣ್ಣು, ಅಂದರೆ ಆಮ್ಲಗುಣದ್ದು. ಎರಡು, ಇದರಲ್ಲಿ ನೀರು ನಿಲ್ಲುವುದಿಲ್ಲ. ಎಂಥ ಮಳೆಯಾದರೂ ಬಿರುಕು ರಂಧ್ರಗಳಲ್ಲಿ ಇಳಿದುಹೋಗುತ್ತದೆ. ಮೂರು, ಇದು ಬಡ ಮಣ್ಣು. ಗೊಬ್ಬರದ ಸಮೃದ್ಧಿ ಇಲ್ಲಿಲ್ಲ. ಕೇಪುಳ ಒಗ್ಗಿಕೊಂಡಿರುವುದು ಈ ಮೂರಕ್ಕೆ. ಬೇರುಗಳು ಬಿರುಕುಗಳ ದಾರಿ ಹಿಡಿದು ಕೆಳಗಿಳಿಯುತ್ತವೆ. ಮೇಲೆ ಕಾದ ಕಲ್ಲಿದ್ದರೂ ಗುಡ್ಡೆಯ ಒಡಲಲ್ಲಿ ತಂಪಿರುತ್ತದೆ ಎಂಬುದಕ್ಕೆ ನಮ್ಮ ಹಿರಿಯರು ಗುಡ್ಡೆಯ ಪಕ್ಕೆಯಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳೇ ಸಾಕ್ಷಿ.

ಆದುದರಿಂದ ಕೇಪುಳವನ್ನು ಬೆಳೆಸುವುದೆಂದರೆ ಅದರ ಗುಡ್ಡೆಯ ಒಂದು ತುಣುಕನ್ನು ಅಂಗಳದಲ್ಲಿ ಒದಗಿಸಿಕೊಡುವುದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ವಿವರಗಳು ಬಾಯಿಪಾಠದ ನಿಯಮಗಳಾಗದೆ ಕಾರಣಸಹಿತವಾದ ಕೆಲಸಗಳಾಗುತ್ತವೆ.

ಗಿಡದ ಆಯ್ಕೆ ಮತ್ತು ಸಸಿ ಮಾಡುವ ಕ್ರಮ

ನರ್ಸರಿಗಳಲ್ಲಿ ಇಕ್ಸೋರ ಎಂಬ ಹೆಸರಿನಲ್ಲಿ ದೊರೆಯುವ ಗಿಡಗಳೆಲ್ಲ ನಮ್ಮ ಕೇಪುಳವಲ್ಲ. ಅವುಗಳಲ್ಲಿ ಹಲವು ಚೀನಾ ಮೂಲದ ಪ್ರಭೇದಕ್ಕೆ ಸೇರಿದವು ಅಥವಾ ಕುಂಡಕ್ಕೆಂದು ರೂಪಿಸಿದ ಗಿಡ್ಡ ತಳಿಗಳು. ಗುರುತಿಸುವುದು ಕಷ್ಟವಲ್ಲ: ಎಸಳಿನ ತುದಿ ಚೂಪಾಗಿದ್ದು, ಎಲೆಯ ಬುಡ ಕಾಂಡವನ್ನು ಅಪ್ಪಿಕೊಂಡಿದ್ದರೆ ಕೇಪುಳ, ಎಸಳು ದುಂಡಾಗಿದ್ದು, ಎಲೆಗೆ ಸಣ್ಣ ತೊಟ್ಟಿದ್ದರೆ ಚೀನಾದ್ದು. ತಳಿಗಿಡಗಳು ಅಂದವಾಗಿ ಹೂಬಿಟ್ಟರೂ ಬಹುಮಟ್ಟಿಗೆ ಕಾಯಿ ಕಟ್ಟುವುದಿಲ್ಲ. ಹಕ್ಕಿಗಳಿಗೆ ಅವುಗಳಿಂದ ಪ್ರಯೋಜನವಿಲ್ಲ.

ಗುಡ್ಡೆಯಿಂದ ಗಿಡವನ್ನು ಕಿತ್ತು ತರುವುದು ಎರಡು ಬಗೆಯಲ್ಲಿ ತಪ್ಪು. ಬೇರು ಕಲ್ಲಿನ ಬಿರುಕಿನಲ್ಲಿ ಆಳಕ್ಕೆ ಇಳಿದಿರುವುದರಿಂದ ಕೀಳುವಾಗ ಅದು ತುಂಡಾಗುತ್ತದೆ, ತಂದ ಗಿಡ ಬದುಕುವುದು ಅಪರೂಪ. ಅಲ್ಲಿಯೂ ಗಿಡ ಇಲ್ಲವಾಗುತ್ತದೆ, ಇಲ್ಲಿಯೂ ಇಲ್ಲವಾಗುತ್ತದೆ. ಕಡ್ಡಿಯಿಂದ ಸಸಿ ಮಾಡಿಕೊಳ್ಳುವುದೇ ಸರಿಯಾದ ದಾರಿ.

ಮಳೆಗಾಲ ಆರಂಭವಾದೊಡನೆ, ತೀರ ಎಳೆಯದೂ ಅಲ್ಲದ ಪೂರ್ತಿ ಬಲಿತದ್ದೂ ಅಲ್ಲದ ಕೊಂಬೆಯನ್ನು ಆರಿಸಿ, ಮೂರು ನಾಲ್ಕು ಗಿಣ್ಣುಗಳಿರುವಂತೆ 10ರಿಂದ 15 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಬೇಕು. ಹೂವಿರುವ ತುದಿ ಬೇಡ. ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಒಂದು ಜೊತೆ ಎಲೆಯನ್ನು ಅರ್ಧಕ್ಕೆ ಕತ್ತರಿಸಿ ಉಳಿಸಬೇಕು. ಹೊಳೆಮರಳು ಮತ್ತು ಕೆಂಪುಮಣ್ಣನ್ನು ಸಮವಾಗಿ ಬೆರೆಸಿದ ತೊಟ್ಟೆಯಲ್ಲಿ ಎರಡು ಗಿಣ್ಣು ಮಣ್ಣಿನೊಳಗಿರುವಂತೆ ಊರಿ, ಮಳೆಯ ಹನಿ ನೇರವಾಗಿ ಬೀಳದ ನೆರಳಿನಲ್ಲಿಡಬೇಕು. ಬೇರು ಬರಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ನಡುವೆ ಎಳೆದು ನೋಡುವ ಕುತೂಹಲವನ್ನು ಹತ್ತಿಕ್ಕಿಕೊಳ್ಳುವುದು ಒಳ್ಳೆಯದು. ಗೂಟಿ ಕಟ್ಟಿಯೂ ಸಸಿ ಮಾಡಬಹುದು. ಮಾಗಿದ ಹಣ್ಣಿನ ತಿರುಳು ತೆಗೆದು ಹಸಿ ಬೀಜವನ್ನೇ ಬಿತ್ತಿದರೂ ಮೊಳೆಯುತ್ತದೆ, ಆದರೆ ಹೂ ನೋಡಲು ಕೆಲವು ವರ್ಷ ಕಾಯಬೇಕು.

ಕಡ್ಡಿಗಳನ್ನು ಒಂದೇ ಗಿಡದಿಂದ ತೆಗೆಯಬಾರದು. ಒಂದು ಗಿಡದ ಕಡ್ಡಿಗಳೆಲ್ಲ ಆ ಗಿಡದ ಪ್ರತಿರೂಪಗಳೇ ಆಗಿರುತ್ತವೆ. ನಾಲ್ಕಾರು ಗಿಡಗಳಿಂದ ಒಂದೆರಡರಂತೆ ತೆಗೆದರೆ ಗುಡ್ಡೆಯ ವೈವಿಧ್ಯದ ಒಂದಂಶ ಅಂಗಳಕ್ಕೂ ಬರುತ್ತದೆ, ತಾಯಿಗಿಡಗಳಿಗೂ ನೋವಾಗುವುದಿಲ್ಲ.

ನೆಡುವ ಜಾಗ

ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಮುರಕಲ್ಲಿನ ಹಿತ್ತಿಲಿನಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ತಳದ ಕಲ್ಲನ್ನು ಹಾರೆಯಿಂದ ತುಸು ಸಡಿಲಿಸಬೇಕು. ಗಟ್ಟಿ ಕಲ್ಲಿನ ಗುಂಡಿ ಮಳೆಗಾಲದಲ್ಲಿ ನೀರು ತುಂಬಿದ ಬಟ್ಟಲಾಗುತ್ತದೆ. ಬಿರುಕು ಸಿಕ್ಕಿದರೆ ನೀರೂ ಇಳಿಯುತ್ತದೆ, ಬೇರೂ ಇಳಿಯುತ್ತದೆ. ತೋಡಿದ ಕೆಂಪುಮಣ್ಣಿಗೇ ಕಾಲುಪಾಲು ಕೊಳೆತ ತರಗೆಲೆಯ ಗೊಬ್ಬರ ಬೆರೆಸಿ ತುಂಬಿದರೆ ಸಾಕು. ಬೇಲಿಯ ಸಾಲಿಗೆ ಗಿಡದಿಂದ ಗಿಡಕ್ಕೆ ಎರಡಡಿ, ಒಂಟಿ ಪೊದೆಗೆ ಸುತ್ತಲೂ ಮೂರು ಅಡಿ ಅಂತರವಿರಲಿ.

ಕಡಲ ದಂಡೆಯ ಮರಳಿನ ಹಿತ್ತಿಲಿನಲ್ಲಿ ಎಚ್ಚರ ಹೆಚ್ಚು ಬೇಕು. ಕೇಪುಳ ಕರಾವಳಿಯ ಗಿಡವಾದರೂ ಅಲೆಯಂಚಿನ ಗಿಡವಲ್ಲ. ಉಪ್ಪುಗಾಳಿ ನೇರವಾಗಿ ತಾಗಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಮುಂಚೂಣಿಯಲ್ಲಿ ನಿಲ್ಲಲು ಅಡುಂಬು ಬಳ್ಳಿಯೂ ಕೇದಗೆಯೂ ದೀಪದೆಣ್ಣೆಯ ಹೊನ್ನೆಮರವೂ ಇವೆ. ಅವುಗಳ ಮರೆಯಲ್ಲಿ, ಅಥವಾ ಮನೆಯ ಮೂಡಣ ಬದಿಯಲ್ಲಿ ಕೇಪುಳಕ್ಕೆ ಜಾಗ ಮಾಡಬೇಕು. ದಂಡೆಯ ಮರಳಿನಲ್ಲಿ ಚಿಪ್ಪಿನ ಚೂರುಗಳಿರುತ್ತವೆ, ಚಿಪ್ಪೆಂದರೆ ಸುಣ್ಣ. ಆದುದರಿಂದ ಅಲ್ಲಿ ಎರಡಡಿ ಆಳದ ಗುಂಡಿ ತೋಡಿ ಕೆಂಪುಮಣ್ಣು ತುಂಬಬೇಕು. ನೆಲ ತಗ್ಗಾಗಿದ್ದರೆ ಕೆಂಪುಮಣ್ಣಿನ ದಿಬ್ಬ ಕಟ್ಟಿ ಅದರ ಮೇಲೆ ನೆಡುವುದು ಇನ್ನೂ ಉತ್ತಮ.

ಎರಡು ಬೇಸಗೆಗಳ ಋಣ

ಬರ ತಾಳುವ ಗಿಡವೆಂದರೆ ನೀರೇ ಬೇಡದ ಗಿಡವೆಂದು ಅನೇಕರು ತಿಳಿಯುತ್ತಾರೆ. ಬರ ತಾಳುವ ಶಕ್ತಿ ಇರುವುದು ಬೇರಿನ ಆಳದಲ್ಲಿ. ತೊಟ್ಟೆಯಿಂದ ಇಳಿಸಿದ ಸಸಿಗೆ ಆ ಆಳ ಇನ್ನೂ ದಕ್ಕಿರುವುದಿಲ್ಲ. ಮೊದಲ ಬೇಸಗೆಯಲ್ಲಿ ವಾರಕ್ಕೆರಡು ಸಲ, ಎರಡನೆಯ ಬೇಸಗೆಯಲ್ಲಿ ವಾರಕ್ಕೊಂದು ಸಲ ನೀರು ಕೊಡಬೇಕು. ದಿನವೂ ಒಂದು ಚೆಂಬು ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಒಂದು ಕೊಡಪಾನ ನಿಧಾನವಾಗಿ ಇಳಿಸುವುದು ಮೇಲು. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಬೇರೂ ಮೇಲೆಯೇ ಉಳಿಯುತ್ತದೆ. ನೀರು ಆಳಕ್ಕಿಳಿದರೆ ಬೇರೂ ಅದರ ಬೆನ್ನು ಹಿಡಿಯುತ್ತದೆ. ಮೂರನೆಯ ವರ್ಷದಿಂದ ಗಿಡ ತನ್ನನ್ನು ತಾನು ನೋಡಿಕೊಳ್ಳುತ್ತದೆ. ಕಡಲ ಸಮೀಪದ ಬಾವಿಗಳು ಎಪ್ರಿಲ್ ವೇಳೆಗೆ ಉಪ್ಪಾಗುವುದುಂಟು. ಅಂಥ ನೀರನ್ನು ಹಾಕಬಾರದು.

ಬುಡಕ್ಕೆ ತರಗೆಲೆಯ ಹೊದಿಕೆ ಅಗತ್ಯ. ಹಲಸು, ಗೇರು, ಮಾವಿನ ಎಲೆಗಳೆಲ್ಲ ಆಗುತ್ತವೆ. ಅವು ತೇವವನ್ನು ಕಾಯುತ್ತವೆ, ಕೊಳೆತಂತೆ ಮಣ್ಣಿನ ಹುಳಿಯನ್ನೂ ಕಾಪಾಡುತ್ತವೆ. ಒಲೆಯ ಬೂದಿಯನ್ನು ಗಿಡಗಳ ಬುಡಕ್ಕೆ ಹಾಕುವ ವಾಡಿಕೆ ನಮ್ಮಲ್ಲಿದೆ. ಬೂದಿ ಕ್ಷಾರಗುಣದ್ದಾದ ಕಾರಣ ಕೇಪುಳಕ್ಕೆ ಬೇಡ. ಅಡಕೆ, ತೆಂಗುಗಳ ಬುಡಕ್ಕೆ ಸುಣ್ಣ ಹಾಕುವವರು ಆ ಪಾತಿಗಳ ಬಳಿ ಇದನ್ನು ನೆಡದಿರುವುದು ಲೇಸು.

ಎಲೆ ಹಳದಿಯಾದರೆ

ಅಂಗಳದ ಕೇಪುಳಕ್ಕೆ ಬರುವ ಮುಖ್ಯ ತೊಂದರೆ ಎಳೆಯ ಎಲೆ ಹಳದಿಯಾಗುವುದು. ನರಗಳು ಹಸುರಾಗಿಯೇ ಉಳಿದು ನಡುವಿನ ಭಾಗ ಬಿಳಿಚಿಕೊಂಡರೆ ಅದು ಕಬ್ಬಿಣದ ಕೊರತೆ. ಕಬ್ಬಿಣದಿಂದಲೇ ಕೆಂಪಾದ ನಾಡಿನಲ್ಲಿ ಗಿಡಕ್ಕೆ ಕಬ್ಬಿಣದ ಕೊರತೆಯೇ ಎಂದು ಅಚ್ಚರಿಯಾಗಬಹುದು. ಮಣ್ಣಿನಲ್ಲಿ ಕಬ್ಬಿಣ ಇದ್ದರಷ್ಟೇ ಸಾಲದು, ಅದು ಕರಗಿ ಬೇರಿಗೆ ಸಿಗಬೇಕು. ಹುಳಿ ಮಣ್ಣಿನಲ್ಲಿ ಸಿಗುತ್ತದೆ. ಸುಣ್ಣ ಸೇರಿದರೆ ಸಿಗುವುದಿಲ್ಲ. ಹೊಸ ಮನೆಗಳ ಅಂಗಳದಲ್ಲಿ ಈ ರೋಗ ಹೆಚ್ಚು ಕಾಣುವುದಕ್ಕೆ ಕಾರಣ ಸಿಮೆಂಟು. ಗೋಡೆ ಕಟ್ಟುವಾಗ ಬಿದ್ದ ಗಾರೆ, ಒಡೆದ ಕಾಂಕ್ರೀಟು, ಆವರಣಗೋಡೆಯಿಂದ ತೊಳೆದು ಬರುವ ಸುಣ್ಣ, ಇವೆಲ್ಲ ಬುಡದ ಮಣ್ಣಿನ ಗುಣವನ್ನು ಬದಲಿಸುತ್ತವೆ.

ಗೋಡೆಯಿಂದ ಎರಡು ಮೂರು ಅಡಿ ದೂರದಲ್ಲಿ ನೆಡುವುದು ಮೊದಲ ಉಪಾಯ. ಈಗಾಗಲೇ ಹಳದಿಯಾಗಿದ್ದರೆ ಬುಡದ ಗಾರೆಯ ಚೂರುಗಳನ್ನು ಹೆಕ್ಕಿ ತೆಗೆದು, ಕೆಂಪುಮಣ್ಣನ್ನೂ ತರಗೆಲೆಯನ್ನೂ ಕೊಡಬೇಕು. ತಾತ್ಕಾಲಿಕ ಪರಿಹಾರವಾಗಿ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಸಂಜೆಯ ಹೊತ್ತಿನಲ್ಲಿ ಎಲೆಗೆ ಸಿಂಪಡಿಸಬಹುದು. ಎಲೆ ಹಳದಿಯಾಯಿತೆಂದು ನೀರನ್ನೂ ಗೊಬ್ಬರವನ್ನೂ ಹೆಚ್ಚಿಸುತ್ತ ಹೋಗುವುದು ರೋಗವನ್ನರಿಯದ ಚಿಕಿತ್ಸೆ.

ಎಲೆಯ ಮೇಲೆ ಮಸಿಯಂತೆ ಕಪ್ಪು ಹಿಡಿದರೆ ಶಲ್ಕಕೀಟಗಳೋ ಹೇನುಗಳೋ ರಸ ಹೀರುತ್ತಿವೆ ಎಂದರ್ಥ. ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಸಿಂಪಡಿಸಿದರೆ ಹತೋಟಿಗೆ ಬರುತ್ತವೆ. ಹೂ ಕೊಂಬೆಯ ತುದಿಯಲ್ಲಿಯೇ ಬರುವುದರಿಂದ ತಿಂಗಳು ತಿಂಗಳೂ ಕತ್ತರಿಯಾಡಿಸಿ ಚೌಕ ಮಾಡಿದ ಬೇಲಿಯಲ್ಲಿ ಹೂ ಕಾಣುವುದಿಲ್ಲ. ಬೇಸಗೆಯ ಹೂ ಮುಗಿದು ಮಳೆ ಹಿಡಿಯುವಾಗ ವರ್ಷಕ್ಕೊಮ್ಮೆ ಸವರಿದರೆ ಸಾಕು.

ಅಂಗಳಕ್ಕೆ ಬರುವವರು

ಕೇಪುಳ ಹೂಬಿಟ್ಟ ಅಂಗಳಕ್ಕೆ ಕ್ರಿಮ್ಸನ್ ರೋಸ್‌ನಂಥ ಚಿಟ್ಟೆಗಳು ಬರುತ್ತವೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಗಡಿಯ ಪರಿವೆಯಿಲ್ಲದೆ ಈ ಹೂವಿಗೆ ಎರಗುತ್ತದೆ. ಕಾಯಿ ಮಾಗಿ ಕೆಂಪಾಗಿ, ಮತ್ತೆ ಕಪ್ಪಿಗೆ ತಿರುಗಿದಾಗ ಪಿಕಳಾರಗಳು ಬರುತ್ತವೆ. ಒಗರು ಬೆರೆತ ಅದರ ಸಿಹಿ ಶಾಲೆಯ ದಾರಿಯ ಮಕ್ಕಳಿಗೂ ಗೊತ್ತು. ಹವ್ಯಕರ ಅಡುಗೆಮನೆಯಲ್ಲಿ ಹೂವು ತಂಬುಳಿಯಾಗುತ್ತದೆ. ತುಳುನಾಡಿನ ಭೂತಾರಾಧನೆಗೆ ಕೇಪುಳ ಬೇಕು. ಚಂದ್ರಗಿರಿಯಾಚೆಯ ತೆಯ್ಯದ ಮುಡಿಗೆ ಚೆಕ್ಕಿಪೂ ಬೇಕು. ಓಣಂ ಹೂರಂಗೋಲಿಗೂ ಅದು ಬೇಕು. ಆಚರಣೆ ಬೇರೆ, ಹೆಸರು ಬೇರೆ, ಹೂ ಒಂದೇ. ಏಳು ಭಾಷೆಗಳ ನಾಡು ಎನಿಸಿಕೊಂಡ ಕಾಸರಗೋಡನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಸರಳವಾದ ಪಠ್ಯ ಸಿಗಲಾರದು.

ಆದರೆ ಆ ಪಠ್ಯದ ಪುಟಗಳು ಹರಿಯುತ್ತಿವೆ. ಯಂತ್ರದಿಂದ ಕಲ್ಲು ಕಡಿದ ಕಡೆ ಗುಡ್ಡೆಯ ಮೇಲ್ಪದರವೇ ಇಲ್ಲವಾಗಿದೆ. ಜತೆಗೆ ಅದರ ಮೇಲಿದ್ದ ಕುರುಚಲು ಕಾಡೂ ಹೋಗಿದೆ. ಯಾರೂ ಬೆಲೆ ಕಟ್ಟದ ಕಾರಣ ಯಾರೂ ಲೆಕ್ಕವಿಡದ ನಷ್ಟವಿದು. ಹೂ ಕಾಣೆಯಾದ ಊರಿನಲ್ಲಿ ಹೆಸರು ಬಹುಕಾಲ ಬದುಕುವುದಿಲ್ಲ. ಇಕ್ಸೋರ ಎಂದು ಕೇಳಿ ಕೊಂಡುಕೊಳ್ಳುವ ತಲೆಮಾರಿಗೆ, ಕೇಪುಳವೆಂಬುದು ನಿಘಂಟಿನಲ್ಲಿ ಹುಡುಕಬೇಕಾದ ಮಾತಾಗುತ್ತದೆ. ಆಗ ಗುಡ್ಡೆ ಕೇಪುಳ ಎಂಬ ಎರಡು ಪದಗಳೊಳಗಿದ್ದ ಮಣ್ಣಿನ ತಿಳಿವಳಿಕೆಯೂ ಹೋಗುತ್ತದೆ. ಅಂಗಳದಲ್ಲಿ ನೆಟ್ಟ ನಾಲ್ಕು ಗಿಡ ಗುಡ್ಡೆಗೆ ಬದಲಿಯಾಗದು. ಆದರೂ ಹೂವನ್ನೂ ಹಣ್ಣನ್ನೂ ಕಣ್ಣಾರೆ ಕಂಡು ಬೆಳೆದವನು ಗುಡ್ಡೆಯನ್ನು ಬರಿಯ ಕಲ್ಲಿನ ರಾಶಿಯೆಂದು ನೋಡಲಾರ.

ಬರುವ ಜೂನ್ ತಿಂಗಳಲ್ಲಿ, ಮೊದಲ ಮಳೆ ನೆಲಕ್ಕಿಳಿದ ಮೇಲೆ, ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಗುಡ್ಡೆಯಿಂದ ಎರಡೆರಡು ಕಡ್ಡಿ ತರಲಿ. ತೊಟ್ಟೆಗೆ ಕಟ್ಟುವ ಚೀಟಿಯಲ್ಲಿ ಊರಿನ ಹೆಸರನ್ನೂ, ಆ ಮನೆಯ ಹಿರಿಯರು ಗಿಡಕ್ಕೆ ಹೇಳುವ ಹೆಸರನ್ನೂ ಬರೆಯಲಿ. ಆಗಸ್ಟ್ ಮುಗಿಯುವಷ್ಟರಲ್ಲಿ ಬೇರು ಬಂದಿರುತ್ತದೆ. ಹೆಸರುಗಳ ಒಂದು ಪಟ್ಟಿಯೂ ಅಷ್ಟರಲ್ಲಿ ಸಿದ್ಧವಾಗಿರುತ್ತದೆ.